ಕಾರ್ ಶೆಡ್, ಔಟ್‌ಹೌಸ್‌ಗಳನ್ನು ವಾಸದ ಕೋಣೆಯಾಗಿಸುವುದು: ಬೆಂಗಳೂರಿನ ಮನೆಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಹಿತ್ತಲ ಮೂಲೆಯಲ್ಲಿರುವ ಕಾರ್ ಶೆಡ್ಡನ್ನೋ ಹಳೆಯ ಔಟ್‌ಹೌಸನ್ನೋ ವಾಸಕ್ಕೆ ತಕ್ಕಂತೆ ಮಾರ್ಪಡಿಸಲು ಹೊರಟವರು ಸಾಮಾನ್ಯವಾಗಿ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಮೇಸ್ತ್ರಿ ಬರುತ್ತಾರೆ, ಟೈಲ್ಸ್ ಬೀಳುತ್ತದೆ, ಸ್ನಾನದ ಮನೆ ಏಳುತ್ತದೆ. ಹಣ ಮುಗಿಯುವ ಹೊತ್ತಿಗೆ ಎತ್ತರ ಸಾಲದು, ಒಳಚರಂಡಿಗೆ ಇಳಿಜಾರು ಸಿಗದು, ಕಟ್ಟಡವೇ ಸೆಟ್‌ಬ್ಯಾಕ್ ಜಾಗದಲ್ಲಿ, ಅಂದರೆ ನಿವೇಶನದ ಅಂಚಿನಲ್ಲಿ ಕಟ್ಟದೆ ಖಾಲಿ ಬಿಡಬೇಕಾದ ಜಾಗದಲ್ಲಿ, ಇದೆ ಎಂಬ ಸಂಗತಿಗಳು ಒಂದೊಂದಾಗಿ ಹೊರಬೀಳುತ್ತವೆ. ಈ ಮೂರನ್ನೂ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಟೇಪು ಮತ್ತು ಮಂಜೂರಾದ ನಕ್ಷೆಯ ಸಹಾಯದಿಂದ ತಿಳಿದುಕೊಳ್ಳಲು ಸಾಧ್ಯವಿರುವುದರಿಂದ, ಈ ಬರಹ ಕಟ್ಟುವ ಕೆಲಸಕ್ಕಿಂತ ಅದಕ್ಕೂ ಮುಂಚಿನ ಪರೀಕ್ಷೆಗೆ ಹೆಚ್ಚು ಜಾಗ ಕೊಡುತ್ತದೆ.

ಬೇಕಾದ ಸಲಕರಣೆಗಳು ಹೆಚ್ಚಿಲ್ಲ: 5 ಮೀಟರಿನ ಒಂದು ಟೇಪು, ನಿವೇಶನ ಅಳೆಯಲು 30 ಮೀಟರಿನ ಇನ್ನೊಂದು, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು, ತೂಕದ ಗುಂಡು, ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ ಮತ್ತು ಗ್ರಾಫ್ ಹಾಳೆ.

ಹಂತ 1: ಕೋಣೆಯೋ, ಪ್ರತ್ಯೇಕ ಮನೆಯೋ ಎಂಬುದನ್ನು ಮೊದಲು ನಿರ್ಧರಿಸಿ

ಮುಖ್ಯ ಮನೆಯವರೇ ಬಳಸುವ ಓದುವ ಕೋಣೆ ಅಥವಾ ಅತಿಥಿಗಳ ಕೋಣೆ ಒಂದು ಬಗೆ. ಅಡುಗೆಮನೆ, ಸ್ನಾನದ ಮನೆ, ಬೇರೆ ಬಾಗಿಲು ಎಲ್ಲವನ್ನೂ ಹೊಂದಿದ್ದು ಬಾಡಿಗೆಗೆ ಕೊಡಬಹುದಾದ ಭಾಗ ಇನ್ನೊಂದು ಬಗೆ. ಎರಡನೆಯದನ್ನು ನಿಯಮಗಳು ಪ್ರತ್ಯೇಕ ವಾಸದ ಘಟಕವೆಂದು ಎಣಿಸುತ್ತವೆ. ಅದರಿಂದ ನಿವೇಶನದೊಳಗೆ ಇರಬೇಕಾದ ವಾಹನ ನಿಲುಗಡೆಯ ಲೆಕ್ಕ, ವಿದ್ಯುತ್ ಮೀಟರು, ಆಸ್ತಿ ತೆರಿಗೆ ಎಲ್ಲವೂ ಬದಲಾಗುತ್ತವೆ.

ಕಾರ್ ಶೆಡ್ಡನ್ನು ಮಾರ್ಪಡಿಸುವವರು ಇಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ. ನಕ್ಷೆ ಮಂಜೂರು ಮಾಡುವಾಗ ಆ ಶೆಡ್ಡನ್ನು ನಿಮ್ಮ ಮನೆಯ ನಿಲುಗಡೆ ಜಾಗವೆಂದು ಲೆಕ್ಕಕ್ಕೆ ಹಿಡಿದಿದ್ದರೆ, ಅದನ್ನು ಮುಚ್ಚಿದ ಕೂಡಲೇ ಮುಖ್ಯ ಮನೆಯೇ ನಿಲುಗಡೆ ಇಲ್ಲದ ಮನೆಯಾಗುತ್ತದೆ. ಕಾರನ್ನು ರಸ್ತೆಯಲ್ಲಿ ನಿಲ್ಲಿಸುತ್ತೇವೆ ಎನ್ನುವುದು ಇದಕ್ಕೆ ಉತ್ತರವಲ್ಲ. ನಿವೇಶನದೊಳಗೆ ಬದಲಿ ಜಾಗವನ್ನು ನಕ್ಷೆಯಲ್ಲಿ ತೋರಿಸಲು ಆಗದಿದ್ದರೆ ಯೋಜನೆಯನ್ನು ಇಲ್ಲಿಗೇ ಕೈಬಿಡುವುದು ಒಳ್ಳೆಯದು.

ಹಂತ 2: ಕಾಗದಪತ್ರಗಳಲ್ಲಿ ಆ ಕಟ್ಟಡ ಏನೆಂದು ದಾಖಲಾಗಿದೆ ಎಂದು ನೋಡಿ

ಕ್ರಯಪತ್ರ, ಇ-ಖಾತಾ, ಋಣಭಾರ ಪತ್ರ, ಇತ್ತೀಚಿನ ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಇದ್ದರೆ ಸ್ವಾಧೀನ ಪ್ರಮಾಣಪತ್ರ ಅಂದರೆ ಓಸಿ, ಇಷ್ಟನ್ನು ಒಂದೆಡೆ ಸೇರಿಸಿಕೊಳ್ಳಿ. ಇವುಗಳಲ್ಲಿ ನಿಮಗೆ ಹೆಚ್ಚು ಬೇಕಾದದ್ದು ನಕ್ಷೆ. ಹಳೆಯ ಬಡಾವಣೆಗಳಲ್ಲಿ ಅದು ಮನೆಯವರ ಬಳಿ ಇರುವುದೇ ಅಪರೂಪ. ಕಚೇರಿಯಲ್ಲಿ ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ವಾರ್ಡು ಈಗ ಯಾವ ಪಾಲಿಕೆಗೆ ಸೇರಿದೆ ಎಂದು ಖಚಿತ ಮಾಡಿಕೊಂಡೇ ಅರ್ಜಿ ಬರೆಯಿರಿ.

ನಕ್ಷೆ ಕೈಗೆ ಬಂದ ಮೇಲೆ ಮೂರು ಸಂಗತಿಗಳನ್ನು ಹುಡುಕಬೇಕು. ಹಿತ್ತಲ ಕಟ್ಟಡ ನಕ್ಷೆಯಲ್ಲಿ ಇದೆಯೇ? ಇದ್ದರೆ ಅದರ ಮೇಲೆ ಬರೆದಿರುವುದು ಗ್ಯಾರೇಜ್ ಎಂದೋ, ಕೆಲಸದವರ ಕೋಣೆ ಎಂದೋ, ಉಗ್ರಾಣ ಎಂದೋ? ಅದು ನಿಂತಿರುವುದು ಕಟ್ಟಬಹುದಾದ ಜಾಗದಲ್ಲೋ, ಸೆಟ್‌ಬ್ಯಾಕ್ ಜಾಗದಲ್ಲೋ?

ಖಾತಾದಲ್ಲಿ ಹೆಸರಿದೆ, ಶೆಡ್ಡಿಗೂ ತೆರಿಗೆ ಕಟ್ಟುತ್ತಿದ್ದೇವೆ, ಆದ್ದರಿಂದ ಅದು ಸಕ್ರಮ ಎಂದು ನಂಬಿದವರು ಬಹಳ ಜನ. ತೆರಿಗೆ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಮಾತ್ರ ಸಾಕ್ಷಿ. ಕಟ್ಟಡಕ್ಕೆ ಪರವಾನಗಿ ಇದೆ ಎಂಬುದಕ್ಕೆ ಅಲ್ಲ. ಬಿ-ಖಾತಾ ಆಸ್ತಿಯಾದರೆ, ಅಂದರೆ ನಿಯಮಬದ್ಧ ಅನುಮೋದನೆಗಳಿಲ್ಲದೆ ತೆರಿಗೆಗಾಗಿ ಪ್ರತ್ಯೇಕ ವಹಿಯಲ್ಲಿ ದಾಖಲಾದದ್ದಾದರೆ, ಮಾರ್ಪಾಡಿಗೆ ನಕ್ಷೆ ಮಂಜೂರಾತಿ ಪಡೆಯುವ ದಾರಿ ಮೊದಲು ತೆರೆಯಬೇಕು, ಹಾಗಾಗಿ ಖಾತೆಯ ಪ್ರಶ್ನೆಯನ್ನು ಬಗೆಹರಿಸಿಕೊಂಡ ಮೇಲೆಯೇ ಮುಂದಿನ ಹಂತ.

ಹಂತ 3: ಸೆಟ್‌ಬ್ಯಾಕ್, ರಾಜಕಾಲುವೆ ಮತ್ತು ಮರ

ನಿವೇಶನದ ಹಿಂಬದಿಯ ಮೂಲೆಯಲ್ಲಿ ಕಾಂಪೌಂಡಿಗೆ ಆತುಕೊಂಡಂತೆ ಕಾರ್ ಶೆಡ್ ಕಟ್ಟಲು ಅನೇಕ ಬಡಾವಣೆಗಳಲ್ಲಿ ಅವಕಾಶವಿತ್ತು. ಆ ರಿಯಾಯಿತಿ ವಾಹನಕ್ಕೆ ಕೊಟ್ಟದ್ದು, ಮನುಷ್ಯವಾಸಕ್ಕೆ ಕೊಟ್ಟದ್ದಲ್ಲ. ಅದೇ ಗೋಡೆಗಳ ನಡುವೆ ಮಂಚ ಹಾಕಿದೊಡನೆ ಆ ಭಾಗ ಸೆಟ್‌ಬ್ಯಾಕ್ ಉಲ್ಲಂಘನೆಯಾಗಿ ಕಾಣತೊಡಗುತ್ತದೆ. ಗೋಡೆ ಹೊಸದಲ್ಲ, ಮೊದಲಿಂದಲೂ ಇತ್ತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಬದಲಾಗಿರುವುದು ಬಳಕೆ.

ಸೆಟ್‌ಬ್ಯಾಕ್‌ನ ಅಳತೆ ನಿವೇಶನದ ಅಗಲ, ಆಳ ಮತ್ತು ಕಟ್ಟಡದ ಎತ್ತರಕ್ಕೆ ತಕ್ಕಂತೆ ಬೇರೆಯಾಗುವುದರಿಂದ ಪಕ್ಕದ ಮನೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ. ನಿಮ್ಮ ನಕ್ಷೆಯಲ್ಲಿರುವ ಅಂಕಿಯನ್ನು ಹಿಡಿದು ನಾಲ್ಕೂ ಬದಿಯನ್ನು ನೀವೇ ಅಳೆಯಿರಿ. ಮಲ್ಲೇಶ್ವರ, ಬಸವನಗುಡಿಯಂಥ ಕಡೆ ಔಟ್‌ಹೌಸಿನ ಹಿಂಬಾಗಿಲು ಕನ್ಸರ್ವೆನ್ಸಿ ಓಣಿಗೆ (ಹಿಂದೆ ಶೌಚದ ಸ್ವಚ್ಛತೆಗೆಂದು ಮನೆಗಳ ಹಿಂಬದಿ ಬಿಟ್ಟ ಕಿರುದಾರಿಗೆ) ತೆರೆಯುವುದುಂಟು. ಆ ಓಣಿ ಸಾರ್ವಜನಿಕ ಜಾಗ, ಮೆಟ್ಟಿಲಾಗಲಿ ಸಜ್ಜಾ ಆಗಲಿ ಅದರ ಕಡೆಗೆ ಚಾಚುವಂತಿಲ್ಲ.

ಮನೆಯ ಹತ್ತಿರ ಕೆರೆ ಅಥವಾ ರಾಜಕಾಲುವೆ ಇದ್ದರೆ ಅದನ್ನೂ ಅಳೆಯಬೇಕು. 2015ರ ಪರಿಷ್ಕೃತ ಮಹಾ ಯೋಜನೆಯ ಪ್ರಕಾರ ಕೆರೆಯಿಂದ 30 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಹಂತದ ಕಾಲುವೆಗಳ ಮಧ್ಯರೇಖೆಯಿಂದ ಕ್ರಮವಾಗಿ 50, 25, 15 ಮೀಟರ್ ಮೀಸಲು ಪ್ರದೇಶ. ಈ ಅಂತರದೊಳಗಿರುವ ಹಿತ್ತಲಿನಲ್ಲಿ ಹೊಸ ವಾಸದ ಜಾಗ ಮಾಡುವ ಯೋಚನೆಯೇ ಬೇಡ. ಮಳೆ ಬಂದಾಗ ಮೊದಲು ನೀರು ನುಗ್ಗುವುದೂ ಇಂಥ ತಗ್ಗಿನ ಕೋಣೆಗಳಿಗೇ.

ಶೆಡ್ಡಿನ ಪಕ್ಕದ ಮರವನ್ನು ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ನಿಮ್ಮ ಸ್ವಂತ ಹಿತ್ತಲಿನದೇ ಆದರೂ ಈ ನಿಯಮ ಅನ್ವಯಿಸುತ್ತದೆ. ಸಾಧ್ಯವಾದ ಕಡೆಯೆಲ್ಲ ಮರ ಉಳಿಸಿ, ಕಿಟಕಿಯ ಜಾಗ ಬದಲಿಸಿ. ಪಶ್ಚಿಮದ ಬಿಸಿಲನ್ನು ತಡೆಯುವ ಮಾವಿನ ಮರ ಸಣ್ಣ ಕೋಣೆಗೆ ಕೊಡುವ ತಂಪನ್ನು ಫ್ಯಾನು ಕೊಡುವುದಿಲ್ಲ.

ಹಂತ 4: ಎತ್ತರದ ಲೆಕ್ಕ

ಅರ್ಧಕ್ಕೆ ನಿಂತ ಯೋಜನೆಗಳಲ್ಲಿ ಹೆಚ್ಚಿನವು ನಿಲ್ಲುವುದು ಈ ಲೆಕ್ಕದಲ್ಲಿ, ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಗ್ಯಾರೇಜಿನ ಕನಿಷ್ಠ ಎತ್ತರ 2.4 ಮೀಟರ್, ಅದರ ನೆಲ ಸುತ್ತಲಿನ ಭೂಮಿಗಿಂತ 15 ಸೆಂಟಿಮೀಟರ್ ಮೇಲಿದ್ದರೆ ಸಾಕು. ವಾಸದ ಕೋಣೆಗೆ ಕನಿಷ್ಠ ಎತ್ತರ 2.75 ಮೀಟರ್, ಮುಖ್ಯ ಕಟ್ಟಡದ ಪ್ಲಿಂತ್ (ಹೊರಗಿನ ಭೂಮಿಯಿಂದ ಒಳನೆಲದವರೆಗಿನ ಎತ್ತರ) ಕನಿಷ್ಠ 45 ಸೆಂಟಿಮೀಟರ್. ಮೇಲ್ನೋಟಕ್ಕೆ ಕೊರತೆ 35 ಸೆಂಟಿಮೀಟರ್ ಮಾತ್ರ ಎನಿಸುತ್ತದೆ. ಆದರೆ ನೆಲವನ್ನು 30 ಸೆಂಟಿಮೀಟರ್ ಎತ್ತರಿಸಿದಾಗ ಚಾವಣಿಯ ಕೆಳಗಿನ ಜಾಗ 2.4ರಿಂದ 2.1 ಮೀಟರಿಗೆ ಇಳಿಯುತ್ತದೆ. ಅಂದರೆ ನಿಜವಾದ ಕೊರತೆ 65 ಸೆಂಟಿಮೀಟರ್, ಸುಮಾರು ಎರಡು ಅಡಿಗಿಂತ ಹೆಚ್ಚು. ಹೊರಗಿನ ನೆಲದಿಂದ ಅಳೆದರೆ ಚಾವಣಿಯ ತಳ 3.2 ಮೀಟರಿನಲ್ಲಿರಬೇಕು.

ನಿಮ್ಮ ಶೆಡ್ಡಿನಲ್ಲಿ ಈ ಅಳತೆ ತೆಗೆಯುವಾಗ ಒಳನೆಲದಿಂದ ಅಲ್ಲ, ಹೊರಗೆ ಅಂಗಳದ ಅತಿ ಎತ್ತರದ ಜಾಗದಿಂದ ಲೆವೆಲ್ ಪೈಪು ಹಿಡಿದು ಗುರುತು ಹಾಕಿ. ಮುಂದಿನ ರಸ್ತೆಗೆ ಪದೇಪದೇ ಡಾಂಬರು ಬಿದ್ದು ಅದು ನಿಮ್ಮ ಅಂಗಳಕ್ಕಿಂತ ಎತ್ತರವಾಗಿದ್ದರೆ ರಸ್ತೆಯ ಮಟ್ಟವನ್ನೇ ಆಧಾರವಾಗಿ ಹಿಡಿಯಬೇಕು. ಶೀಟಿನ ಅಥವಾ ಹೆಂಚಿನ ಇಳಿಜಾರು ಚಾವಣಿಯಾದರೆ ಎತ್ತರದ ಬದಿ, ತಗ್ಗಿನ ಬದಿ ಎರಡನ್ನೂ ಬರೆದುಕೊಳ್ಳಿ.

ಎತ್ತರ ಸಾಲದಿದ್ದರೆ ಇರುವ ಪರಿಹಾರ ಒಂದೇ: ಚಾವಣಿ ಏರಿಸುವುದು. ಪ್ಲಿಂತ್ ಏರಿಸದೆ ಹಾಗೆಯೇ ಟೈಲ್ಸ್ ಹಾಕುವುದು ಪರಿಹಾರವಲ್ಲ. ಮೇ ತಿಂಗಳ ಜೋರು ಮಳೆಯಲ್ಲೋ, ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲೋ ನೀರು ಒಳಗೆ ಬರುತ್ತದೆ. ನೆಲ ಅಗೆದು ತಗ್ಗು ಮಾಡುವುದು ಇನ್ನೂ ಅಪಾಯಕರ.

ಹಂತ 5: ಅಗಲ, ಗಾಳಿ, ಬೆಳಕು

ಒಳ ಅಳತೆ 10 ಅಡಿಗೆ 18 ಅಡಿ ಇರುವ ಶೆಡ್ಡಿನ ವಿಸ್ತೀರ್ಣ ಸುಮಾರು 16.7 ಚದರ ಮೀಟರ್. ಒಂದೇ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್ ಮತ್ತು 2.4 ಮೀಟರ್ ಅಗಲ ಬೇಕು. ಶೌಚಾಲಯ, ಸ್ನಾನ ಎರಡೂ ಒಂದೇ ಕಡೆ ಇದ್ದರೆ 2.8 ಚದರ ಮೀಟರ್ ಮತ್ತು 1.2 ಮೀಟರ್ ಅಗಲ. ಎರಡೂ ಸೇರಿ 12.3 ಆಗುತ್ತದೆ, ನಡುಗೋಡೆ ಕಳೆದರೂ ಹೊಂದುತ್ತದೆ. ಆದರೆ ಕನಿಷ್ಠ 5 ಚದರ ಮೀಟರಿನ ಅಡುಗೆಮನೆಯನ್ನು ಸೇರಿಸಿದರೆ 17.3, ಜಾಗ ಇಲ್ಲ. ಆದ್ದರಿಂದ ಸಾಧಾರಣ ಕಾರ್ ಶೆಡ್ಡಿನಿಂದ ಒಂದು ಒಳ್ಳೆಯ ಕೋಣೆ ಬರುತ್ತದೆ, ಮನೆ ಬರುವುದಿಲ್ಲ. ಬಾಡಿಗೆಯ ಆಸೆಗೆ ಮೂರನ್ನೂ ತುರುಕಿದ ಕಡೆ ಒಲೆಯ ಪಕ್ಕದಲ್ಲೇ ಹಾಸಿಗೆ ಇರುತ್ತದೆ, ಅಂಥ ಕಡೆ ಯಾರನ್ನೂ ಇರಿಸಬಾರದು.

ಕಿಟಕಿ, ವೆಂಟಿಲೇಟರುಗಳ ಒಟ್ಟು ತೆರಪು ನೆಲದ ವಿಸ್ತೀರ್ಣದ ಆರನೇ ಒಂದು ಪಾಲು ಇರುವಂತೆ ನೋಡಿಕೊಳ್ಳಿ. 9.5 ಚದರ ಮೀಟರಿಗೆ ಇದು ಸುಮಾರು 1.6 ಚದರ ಮೀಟರ್. ನಾಲ್ಕಡಿ ಚೌಕದ ಒಂದು ಕಿಟಕಿಯೂ ಒಂದು ವೆಂಟಿಲೇಟರೂ ಸೇರಿದರೆ ಆಯಿತು. ಕಿಟಕಿ ನಿಮ್ಮದೇ ನಿವೇಶನದ ಬಯಲು ಜಾಗಕ್ಕೆ ತೆರೆಯಬೇಕು. ನೆರೆಯವರ ಕಡೆಗಿರುವ ಕಾಂಪೌಂಡ್ ಗೋಡೆಗೆ ಕಿಂಡಿ ಕೊರೆಯುವುದು ಜಗಳಕ್ಕೂ ದೂರಿಗೂ ನೇರ ದಾರಿ.

ಹಂತ 6: ನೆಲದಡಿ ಏನಿದೆ?

ಬೆಂಗಳೂರಿನ ಮನೆಗಳಲ್ಲಿ ನೀರಿನ ಸಂಪನ್ನು ಕಾರ್ ನಿಲ್ಲುವ ಜಾಗದ ಕೆಳಗೆ ಕಟ್ಟುವುದು ವಾಡಿಕೆ. ಆ ಜಾಗವೇ ಮಲಗುವ ಕೋಣೆಯಾದರೆ ಸಂಪಿನ ಮುಚ್ಚಳ ಮಂಚದ ಅಡಿಗೆ ಬರುತ್ತದೆ, ಟ್ಯಾಂಕರಿನ ಪೈಪು ಕೋಣೆಯೊಳಗೆ ಎಳೆಯಬೇಕಾಗುತ್ತದೆ, ಸ್ನಾನದ ಮನೆಯ ಸೋರಿಕೆ ಕುಡಿಯುವ ನೀರಿಗೆ ಸೇರುವ ಅಪಾಯ ಹುಟ್ಟುತ್ತದೆ. ಸಂಪು ಇದ್ದರೆ ಮೊದಲು ಅದನ್ನು ಬೇರೆಡೆಗೆ ಸ್ಥಳಾಂತರಿಸಿ, ಹಳೆಯ ಗುಂಡಿಯನ್ನು ಪದರ ಪದರವಾಗಿ ತುಂಬಿ ದಿಮ್ಮಸು ಮಾಡಿಸಬೇಕು. ಕೊಳವೆಬಾವಿಯ ಬಾಯಿಯೂ ಹಾಗೆಯೇ: ಮೇಲೆ ಚಾವಣಿ ಬಂದರೆ ಮುಂದೆ ಮೋಟಾರು ಎತ್ತಲು ಆಗುವುದಿಲ್ಲ.

ಬಳಿಕ ಒಳಚರಂಡಿ. ಔಟ್‌ಹೌಸ್ ಹಿಂದೆ, ರಸ್ತೆಯ ಚೇಂಬರ್ ಮುಂದೆ ಇರುತ್ತದೆ. ಶೌಚದ 4 ಇಂಚಿನ ಪೈಪಿಗೆ ನಲವತ್ತಕ್ಕೊಂದರ ಇಳಿಜಾರು ಇಟ್ಟುಕೊಂಡರೆ 15 ಮೀಟರ್ ದೂರಕ್ಕೆ 37.5 ಸೆಂಟಿಮೀಟರ್ ಇಳಿತ ಬೇಕಾಗುತ್ತದೆ. ನಿಮ್ಮ ಚೇಂಬರಿನ ಮುಚ್ಚಳ ತೆಗೆಸಿ, ತಳದ ಆಳ ಅಳೆದು, ಈ ಇಳಿತ ಸಿಗುತ್ತದೆಯೇ ಎಂದು ಲೆಕ್ಕ ಹಾಕಿ. ಸಿಗದಿದ್ದರೆ ಶೌಚಾಲಯವಿಲ್ಲದ ಕೋಣೆಗೆ ತೃಪ್ತಿಪಡುವುದು ಜಾಣತನ. ಶೌಚದ ನೀರನ್ನು ಮಳೆನೀರಿನ ಮೋರಿಗೆ ಬಿಡುವುದು ಯಾವ ಕಾರಣಕ್ಕೂ ಕೂಡದು.

ಹಂತ 7: ಗೋಡೆ, ಚಾವಣಿಗಳ ಪರೀಕ್ಷೆ

ಶೆಡ್ಡಿನ ಹಿಂಗೋಡೆ ಎಂದು ನೀವು ತಿಳಿದಿರುವುದು ಅನೇಕ ಸಲ ಕಾಂಪೌಂಡ್ ಗೋಡೆಯೇ ಆಗಿರುತ್ತದೆ. ಅದಕ್ಕೆ ಚಾವಣಿಯ ಭಾರ ಹೊರುವ ಪಾಯವಿರುವುದಿಲ್ಲ, ನೆಲದ ತೇವ ತಡೆಯುವ ಪದರವಿರುವುದಿಲ್ಲ, ಕೆಲವೊಮ್ಮೆ ಅದು ನಿಮ್ಮೊಬ್ಬರದೇ ಆಸ್ತಿಯೂ ಆಗಿರುವುದಿಲ್ಲ. 4 ಇಂಚಿನ ಬ್ಲಾಕ್ ಗೋಡೆಯ ಮೇಲೆ ಎರಡಡಿ ಏರಿಸಿ ಆರ್‌ಸಿಸಿ ಹಾಕೋಣ ಎಂದು ಮೇಸ್ತ್ರಿ ಹೇಳಿದರೆ ಕೆಲಸ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಪಾಯದ ಪಕ್ಕ ಒಂದು ಗುಂಡಿ ತೋಡಿಸಿ ಸೈಜುಕಲ್ಲಿನ ಆಳ ನೋಡಿದ ಮೇಲೆಯೇ ಅವರು ಉತ್ತರ ಕೊಡಬೇಕು. ದೂರದಿಂದ ನೋಡಿ ತಲೆಯಾಡಿಸುವವರ ಮಾತನ್ನು ನೆಚ್ಚಬೇಡಿ.

ತೇವ ಪರೀಕ್ಷೆಗೆ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಡಿ. ತೆಗೆದಾಗ ಒಳಮೈಯಲ್ಲಿ ಹನಿಗಳಿದ್ದರೆ ನೆಲದಿಂದ ತೇವ ಏರುತ್ತಿದೆ ಎಂದರ್ಥ. ಎಚ್ಚರಿಕೆಯ ಇತರ ಗುರುತುಗಳು: ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ, ಬಾಗಿಲ ಮೂಲೆಯಿಂದ ಓರೆಯಾಗಿ ಏರಿದ ಬಿರುಕು, ಚಾವಣಿಯ ತಳದಲ್ಲಿ ಕಂದು ಕಲೆಯೊಂದಿಗೆ ಉದುರುವ ಕಾಂಕ್ರೀಟು, ಜಂತಿಗಳಲ್ಲಿ ಗೆದ್ದಲಿನ ಮಣ್ಣಿನ ಸಾಲು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ದುರಸ್ತಿಗಿಂತ ಕೆಡವಿ, ನಿಯಮದಂತೆ ಹೊಸದಾಗಿ ಕಟ್ಟುವ ಖರ್ಚನ್ನೂ ಲೆಕ್ಕ ಹಾಕಿಸಿ ನೋಡಿ.

ಹಳೆಯ ಬೂದು ಸಿಮೆಂಟ್ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಅವನ್ನು ಒಡೆಯಬೇಡಿ, ಒಣಗಿದ್ದಾಗ ಕೊರೆಯಬೇಡಿ. ನೀರು ಸಿಂಪಡಿಸಿ, ಮುಖಗವಸು ಹಾಕಿಸಿ, ಇಡಿಯಾಗಿ ಇಳಿಸಬೇಕು. ಆ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿ ಎಷ್ಟೋ ವರ್ಷಗಳ ನಂತರ ಕಾಣಿಸಿಕೊಳ್ಳುವುದರಿಂದ ಕೆಲಸಗಾರರು ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅವರ ಆರೋಗ್ಯದ ಹೊಣೆ ಕೆಲಸ ಮಾಡಿಸುವ ನಿಮ್ಮ ಮೇಲಿದೆ.

ಹಂತ 8: ಪರವಾನಗಿ

ಸುಣ್ಣಬಣ್ಣ, ಗಿಲಾವು, ನೆಲಹಾಸಿನ ಬದಲಾವಣೆಗಳಂಥ ದುರಸ್ತಿಗೆ ನಕ್ಷೆ ಬೇಡ. ಚಾವಣಿ ಏರಿಸುವುದು, ಹೊಸ ಗೋಡೆ, ಹೊಸ ಶೌಚಾಲಯ, ಗ್ಯಾರೇಜಿನ ಬಳಕೆಯನ್ನು ವಾಸಕ್ಕೆ ಬದಲಿಸುವುದು ಇವು ದುರಸ್ತಿಯಲ್ಲ. ಪಾಲಿಕೆಯ ನಗರ ಯೋಜನಾ ವಿಭಾಗದಿಂದ ಪರಿಷ್ಕೃತ ನಕ್ಷೆ ಮಂಜೂರಾಗಬೇಕು. ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲಿ ಅರ್ಜಿ ಹೋಗುತ್ತದೆ. ಸಣ್ಣ ನಿವೇಶನಗಳ ವಾಸದ ಕಟ್ಟಡಗಳಿಗಾಗಿ 2024ರಲ್ಲಿ ಬಂದ, ನೋಂದಾಯಿತ ತಜ್ಞರ ದೃಢೀಕರಣವನ್ನು ನಂಬಿ ನಕ್ಷೆ ಮಂಜೂರು ಮಾಡುವ ‘ನಂಬಿಕೆ ನಕ್ಷೆ’ ವ್ಯವಸ್ಥೆ ನಿಮ್ಮ ಕಟ್ಟಡಕ್ಕೆ ಅನ್ವಯಿಸುತ್ತದೆಯೇ ಎಂದು ಅವರನ್ನೇ ಕೇಳಿ. ನಕ್ಷೆಯಲ್ಲಿ ಮುಖ್ಯ ಮನೆಯನ್ನೂ ಇರುವುದು ಇರುವಂತೆ ತೋರಿಸಬೇಕು. ಮುಖ್ಯ ಮನೆಯಲ್ಲಿ ಹಳೆಯ ಉಲ್ಲಂಘನೆ ಇದ್ದರೆ ಅದು ಈ ಹಂತದಲ್ಲಿ ಮೇಲೆ ಬರುತ್ತದೆ, ಹಾಗಾಗಿ ಅರ್ಜಿಗೆ ಮುಂಚೆಯೇ ಅದನ್ನು ಎಂಜಿನಿಯರಿಗೆ ತಿಳಿಸಿ.

ಮೊದಲು ಕಟ್ಟಿ ಆಮೇಲೆ ಸಕ್ರಮ ಮಾಡಿಸಿಕೊಳ್ಳೋಣ ಎಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. 2024ರ ಡಿಸೆಂಬರ್ 17ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಪೂರ್ಣತೆಯ ಅಥವಾ ಸ್ವಾಧೀನದ ಪ್ರಮಾಣಪತ್ರ ಹಾಜರುಪಡಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ನಿರ್ದೇಶಿಸಿತು. 2025ರಲ್ಲಿ ರಾಜ್ಯ ಸರ್ಕಾರ 1200 ಚದರಡಿವರೆಗಿನ ನಿವೇಶನಗಳ ಸಣ್ಣ ವಾಸದ ಕಟ್ಟಡಗಳಿಗೆ ಓಸಿಯಿಂದ ವಿನಾಯಿತಿ ನೀಡಿತು. ಓಸಿಯ ವಿನಾಯಿತಿ ನಕ್ಷೆಯ ವಿನಾಯಿತಿಯಲ್ಲ ಎಂಬುದನ್ನು ಗಮನಿಸಬೇಕು. ಹಿತ್ತಲು, ಔಟ್‌ಹೌಸ್ ಇರುವ ನಿವೇಶನಗಳು ಹೆಚ್ಚಾಗಿ ಆ ಮಿತಿಗಿಂತ ದೊಡ್ಡವೂ ಆಗಿರುತ್ತವೆ.

ಕೆಲಸದ ನಡುವೆ ಪಾಲಿಕೆಯ ನೋಟಿಸು ಬಂದರೆ ಕೂಡಲೇ ಕೆಲಸ ನಿಲ್ಲಿಸಿ, ಅದರ ಜೊತೆಗಿನ ತಾತ್ಕಾಲಿಕ ಆದೇಶದಲ್ಲಿ ಹೇಳಿದ ಗಡುವಿನೊಳಗೆ ನಕ್ಷೆ, ಫೋಟೋಗಳೊಂದಿಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರಿಸದೆ ಬಿಟ್ಟರೆ ಆದೇಶ ಸ್ಥಿರವಾಗುತ್ತದೆ.

ಹಂತ 9: ಕಟ್ಟುವ ಕ್ರಮ

ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳು ಸೂಕ್ತ. ಚಾವಣಿ ಇಳಿಸುವುದು, ಗೋಡೆ ಅಥವಾ ಕಂಬಗಳ ಬಲವರ್ಧನೆ, ಹೊಸ ಚಾವಣಿ, ನೆಲದಡಿಯ ಪೈಪುಗಳು, ಪ್ಲಿಂತಿನ ಭರ್ತಿ, ಗೆದ್ದಲು ನಿರೋಧಕ ಔಷಧಿ, ತೇವ ತಡೆಯುವ ಹಾಳೆ, ನೆಲದ ಕಾಂಕ್ರೀಟು, ವೈರಿಂಗ್, ಗಿಲಾವು, ಸ್ನಾನದ ಮನೆಯ ನೀರುನಿರೋಧ, ಕೊನೆಗೆ ಟೈಲ್ಸ್. ಪೈಪು ಹಾಕದೆ ನೆಲ ತುಂಬಿಸಿ ಮತ್ತೆ ಅಗೆಯುವುದು ಇಲ್ಲಿ ತೀರಾ ಸಾಮಾನ್ಯವಾದ ತಪ್ಪು.

ಎಂಜಿನ್ ಎಣ್ಣೆ ಕುಡಿದ ಹಳೆಯ ನೆಲದ ಮೇಲೆ ಗಾರೆ ಹಿಡಿಯುವುದಿಲ್ಲ, ಅಂಥ ಭಾಗವನ್ನು ಒಡೆದು ತೆಗೆಸಿ. ಭರ್ತಿಯನ್ನು ಒಂದೊಂದು ಸಲಕ್ಕೆ ಅರ್ಧ ಅಡಿಯಂತೆ ನೀರು ಹಾಕಿ ದಿಮ್ಮಸು ಹೊಡೆಸಬೇಕು. ಒಮ್ಮೆಲೇ ಸುರಿದ ಮಣ್ಣು ಮೊದಲ ಮಳೆಗಾಲದಲ್ಲೇ ಕುಸಿದು ಟೈಲ್ಸ್ ಬಿರುಕು ಬಿಡುತ್ತದೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಮಿಶ್ರ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಸ್ನಾನದ ಮನೆಯ ನೆಲಕ್ಕೆ ಟೈಲ್ಸ್ ಹಾಕುವ ಮುನ್ನ ಎರಡು ಇಂಚು ನೀರು ಕಟ್ಟಿ ಎರಡು ದಿನ ನಿಲ್ಲಿಸಿ, ಗೋಡೆಯ ಬುಡ ಒದ್ದೆಯಾಗುತ್ತದೆಯೇ ನೋಡಿ.

ಗ್ಯಾಸ್ ಗೀಸರನ್ನು ಮುಚ್ಚಿದ ಸ್ನಾನದ ಮನೆಯೊಳಗೆ ಅಳವಡಿಸಲೇಬಾರದು. ಗಾಳಿಯಾಡದ ಸಣ್ಣ ಜಾಗದಲ್ಲಿ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಒಳಗಿದ್ದವರಿಗೆ ಎಚ್ಚರಿಕೆಯೂ ಸಿಗುವುದಿಲ್ಲ. ಈ ನಗರದಲ್ಲಿ ಇದರಿಂದ ಜೀವಗಳು ಹೋಗಿವೆ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸಿಲಿಂಡರ್ ಇಡುವ ಕಡೆ ನೆಲಮಟ್ಟದಲ್ಲಿ ಗಾಳಿಕಿಂಡಿ ಇರಬೇಕು.

ಹಂತ 10: ಸಂಪರ್ಕಗಳು, ತೆರಿಗೆ, ಬಾಡಿಗೆ

ಮುಖ್ಯ ಮನೆಯಿಂದ ತಂತಿ ಎಳೆದು ಕೆಲಸ ಮುಗಿಸುವುದು ಸುಲಭ, ಆದರೆ ಮಂಜೂರಾದ ವಿದ್ಯುತ್ ಹೊರೆ ಮೀರಿದರೆ ಬೆಸ್ಕಾಂನಲ್ಲಿ ಹೊರೆ ಹೆಚ್ಚಿಸಿಕೊಳ್ಳಬೇಕು. ಕೋಣೆಗೆ ಪ್ರತ್ಯೇಕ ಡಿಬಿ (ವಿದ್ಯುತ್ ಹಂಚಿಕೆ ಪೆಟ್ಟಿಗೆ), ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸವಾಗಲಿ. ಬಾಡಿಗೆಗೆ ಕೊಡುವ ಭಾಗಕ್ಕೆ ಬೇರೆ ಮೀಟರ್ ಇಲ್ಲದಿದ್ದರೆ ಎರಡು ಸಂಸಾರದ ಬಳಕೆ ಒಂದೇ ಆರ್‌ಆರ್ ಸಂಖ್ಯೆಯಲ್ಲಿ ಸೇರಿ, ಗೃಹಜ್ಯೋತಿಯ 200 ಯೂನಿಟ್ ಮಿತಿ ಇಬ್ಬರಿಗೂ ಕೈತಪ್ಪಬಹುದು.

ಹೊಸ ಶೌಚಾಲಯದ ವಿಷಯವನ್ನು ಜಲಮಂಡಳಿಗೆ ತಿಳಿಸಿ. 2400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಿರುವುದರಿಂದ, ಹೊಸ ಚಾವಣಿಯ ನೀರನ್ನು ಆ ವ್ಯವಸ್ಥೆಗೇ ಜೋಡಿಸುವುದು ಅನುಕೂಲ.

ಆಸ್ತಿ ತೆರಿಗೆಯಲ್ಲಿ ವಾಹನ ನಿಲುಗಡೆ ಜಾಗದ ದರ ವಾಸದ ಜಾಗದ ದರಕ್ಕಿಂತ ಕಡಿಮೆ. ಬಾಡಿಗೆಗೆ ಕೊಟ್ಟ ಭಾಗಕ್ಕೆ ಸ್ವಂತ ವಾಸದ ಭಾಗಕ್ಕಿಂತ ಹೆಚ್ಚು. ಬಳಕೆ ಬದಲಾದ ವರ್ಷದ ಸ್ವಯಂ ಘೋಷಣೆಯಲ್ಲೇ ಅದನ್ನು ನಮೂದಿಸದಿದ್ದರೆ ವ್ಯತ್ಯಾಸದ ಹಣಕ್ಕೆ ದಂಡವೂ ಬಡ್ಡಿಯೂ ಸೇರುತ್ತವೆ. ಬಾಡಿಗೆದಾರರನ್ನು ಇರಿಸುವುದಾದರೆ ಲಿಖಿತ ಕರಾರಿನಲ್ಲಿ ಕೋಣೆಯ ಅಳತೆ, ಅಂಗಳ ಹಾಗೂ ವಾಹನ ನಿಲುಗಡೆಯ ಬಳಕೆ, ನೀರಿನ ಬಿಲ್ಲಿನ ಪಾಲು ಇವನ್ನು ಬಿಡಿಬಿಡಿಯಾಗಿ ಬರೆಯಿಸಿ, ಅವರ ಗುರುತಿನ ದಾಖಲೆಯ ಪ್ರತಿಯನ್ನು ಮಂಜೂರಾದ ನಕ್ಷೆ ಮತ್ತು ವಿದ್ಯುತ್ ಕೆಲಸದ ಪೂರ್ಣತಾ ವರದಿಯ ಜೊತೆ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.